ನಾಲ್ಕು ಕುರ್ಚಿಯ ಊರು

ಹಿರೇಬೆಂಡಿಗೇರಿಯ ಕುಬೇರಪ್ಪ ತನ್ನ ಹೊಲದಲ್ಲಿ ಬಾವಿ ತೋಡಿಸಲು ಹಿಡಿದ ಬೇಸಿಗೆಯಲ್ಲಿಯೇ ಅವನ ತಮ್ಮ ಉಳವಪ್ಪನ ಎರಡೂ ಕಣ್ಣು ಹೋದವು. ಆಳದಲ್ಲಿ ಬಂಡೆ ಹತ್ತಿತ್ತು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ ಎಲ್ಲರೂ ಮೇಲೆ ಬಂದು ಕೂತರು. ಮದ್ದು ಹಾರಲಿಲ್ಲ. ಒಂದು ಎಲೆ ಹಾಕಿಕೊಂಡು ಉಗುಳುವಷ್ಟು ಹೊತ್ತು ಕಾದರೂ ಹಾರಲಿಲ್ಲ. ಆಗ ಉಳವಪ್ಪ ಇಳಿದು ನೋಡಲು ಹೋದ. ಅವನು ಬಗ್ಗಿದ ಹೊತ್ತಿಗೇ ಹಾರಿತು.

ಅದು ೧೯೩೯ರ ಮಾತು. ಅವನಿಗಾಗ ಇಪ್ಪತ್ತೇಳು ವರ್ಷ. ಅಬಲೂರಿನಿಂದ ತಂದ ಹೆಂಡತಿ ಶೇಖವ್ವ ಮನೆಗೆ ಬಂದು ಮೂರು ವರ್ಷವಾಗಿತ್ತು; ಇನ್ನೂ ಮಕ್ಕಳಾಗಿರಲಿಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಒಂದೂವರೆ ತಿಂಗಳು ಇದ್ದು, ಮುಖದ ಗಾಯ ಮಾಯ್ದ ಮೇಲೆ, ಉಳವಪ್ಪ ಚಕ್ಕಡಿಯಲ್ಲಿ ಊರಿಗೆ ಬಂದ. ಚಕ್ಕಡಿ ಹೊಡೆಯುತ್ತಿದ್ದ ಕುಬೇರಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಯ ಮುಂದೆ ಕೈಹಿಡಿದು ಇಳಿಸುವಾಗ ಮಾತ್ರ, "ತಮ್ಮಾ, ನಾ ಇರೂ ತನಕ ನಿನಗ ಉಣ್ಣಾಕ ಕಮ್ಮಿ ಮಾಡೂದಿಲ್ಲ," ಎಂದ.

ಆ ಮಾತನ್ನು ಅವನು ತಪ್ಪದೆ ನಡೆಸಿದ. ಮನೆಯಲ್ಲಿ ಮೊದಲ ತಾಟು ಉಳವಪ್ಪನದು. ಹಾಲು ಕಡಿಮೆಯಾದ ದಿನ ಕುಬೇರಪ್ಪ ತಾನು ಕುಡಿಯದೆ ತಮ್ಮನಿಗೆ ಕೊಡಿಸುತ್ತಿದ್ದ. ತಾಯಿ ಮಹಾದೇವಕ್ಕ ಎದುರಿಗೆ ಕೂತು ರೊಟ್ಟಿ ಮುರಿದು, ಪಲ್ಯ ಹಚ್ಚಿ, "ಬಾಯಿ ತೆರಿಯಪ್ಪಾ," ಎನ್ನುತ್ತಿದ್ದಳು.

"ಅವ್ವಾ, ಕಣ್ಣ ಹೋಗ್ಯಾವು. ಕೈ ಹೋಗಿಲ್ಲ," ಎಂದು ಉಳವಪ್ಪ ತಾಟು ಎಳೆದುಕೊಳ್ಳುತ್ತಿದ್ದ.

ಉಂಡ ಮೇಲೆ ಮನೆಯ ಮುಂದಿನ ಕಟ್ಟೆ. ಮುಂಜಾನೆಯ ಬಿಸಿಲು ಬಲಗೆನ್ನೆಗೆ ಬಿದ್ದು, ಸಂಜೆಯ ಬಿಸಿಲು ಎಡಗೆನ್ನೆಗೆ ಬರುವ ತನಕ ಅಲ್ಲಿಯೇ. ಅವನು ಮಾಡುತ್ತಿದ್ದ ಕೆಲಸವೂ ಶೇಖವ್ವನ ಮೈಮೇಲೆ ಬಂತು. ಯಾರೂ ಹೇರಿದ್ದಲ್ಲ, ತನ್ನ ಗಂಡ ಕೂತು ಉಣ್ಣುತ್ತಾನೆಂಬ ಮಾತು ಬರಬಾರದೆಂದು ಅವಳೇ ಹೇರಿಕೊಂಡದ್ದು. ಬೆಳಗಾಗುವ ಮೊದಲೇ ಬೀಸುವುದು, ದನದ ಕೊಟ್ಟಿಗೆ, ಹೊಲದ ಕಳೆ, ಮತ್ತೆ ಸಂಜೆ ನೀರು. ಕುಬೇರಪ್ಪನ ಹೆಂಡತಿ ಸರೋಜವ್ವ ಕೆಟ್ಟವಳೇನಲ್ಲ. ಆದರೂ ಒಮ್ಮೊಮ್ಮೆ ಒಲೆಯ ಮುಂದಿನಿಂದ ಅವಳ ಬಾಯಿ ಜಾರುತ್ತಿತ್ತು: "ದುಡಿಯಾವ್ರಿಗೆ ತಣ್ಣನ ರೊಟ್ಟಿ, ಕುಂತಾವ್ರಿಗೆ ಬಿಸಿದು."

ಕಟ್ಟೆಯ ಮುಂದೆ ಹಾದವರೆಲ್ಲ ಒಂದೊಂದು ದಾರಿ ಹೇಳುತ್ತಿದ್ದರು. ಗದಗಿನ ಕಡೆ ಕುರುಡರಿಗೆ ಸಂಗೀತ ಕಲಿಸುತ್ತಾರೆ, ಕಳಿಸಿರಿ ಎಂದವರೇ ಹೆಚ್ಚು. ಮಹಾದೇವಕ್ಕನಿಗೂ ಅದು ಹಿಡಿಸಿತ್ತು.

"ಹಾಡ ಕಲಿಯಪ್ಪಾ. ಮಠದಾಗ ಕುಂತು ಭಜನಿ ಹೇಳಿದ್ರ ಪುಣ್ಯನೂ ಐತಿ, ಪ್ರಸಾದನೂ ಐತಿ."

"ನಾ ಹಾಡಿದ್ರ ಎತ್ತ ಸುದ್ದಾ ಓಡ್ತಿದ್ದುವು ಅವ್ವಾ. ಕಣ್ಣ ಹೋದ ಕೂಡ್ಲೇ ಧ್ವನಿ ಬರ್ತೈತೇನು?"

ಮರುವರ್ಷ ಶಿಗ್ಗಾಂವಿಯ ಕಚೇರಿಯ ಕಾರಕೂನನೊಬ್ಬ ಕುಬೇರಪ್ಪನಿಗೆ ಒಂದು ಸುದ್ದಿ ಹೇಳಿದ. ಹುಬ್ಬಳ್ಳಿಯಲ್ಲಿ ಕೆಲವು ವ್ಯಾಪಾರಸ್ಥರು ಕೂಡಿ ಕುರುಡರಿಗಾಗಿ ಒಂದು ಕಸಬಿನ ಶಾಲೆ ತೆರೆದಿದ್ದಾರೆ. ಉಣ್ಣಲು ಇಕ್ಕಿ, ಇರಲು ಜಾಗ ಕೊಟ್ಟು, ಎಂಟು ತಿಂಗಳು ಕಲಿಸುತ್ತಾರೆ. ಕುಬೇರಪ್ಪನಿಗೆ ಮನಸ್ಸಿರಲಿಲ್ಲ. ಉಳವಪ್ಪ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಕುಬೇರಪ್ಪ ಚಕ್ಕಡಿ ಹೂಡಿದ.

ಶಾಲೆ ಎಂದರೆ ಹತ್ತಿಯ ಗಿರಣಿಯ ಹಿಂದಿನ ತಗಡಿನ ಶೆಡ್ಡು. ಹದಿನಾಲ್ಕು ಜನ ಕುರುಡರು. ಕಲಿಸುವವರು ಗಿರಿಯಪ್ಪ ಮಾಸ್ತರರು, ಐವತ್ತರ ಆಸುಪಾಸಿನವರು, ಕಣ್ಣಿದ್ದವರು. ಆದರೂ ಕಲಿಸುವಾಗ ತಾವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಅಲ್ಲಿ ಕಲಿಸುತ್ತಿದ್ದುದು ಒಂದೇ, ಕುರ್ಚಿಗೆ ಬೆತ್ತ ಹೆಣೆಯುವುದು. ನೆನೆಸಿದ ಬೆತ್ತದ ಸೀಳನ್ನು ಚೌಕಟ್ಟಿನ ತೂತುಗಳಲ್ಲಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎಳೆದು ಬಿಗಿಯುವುದು. ಮೊದಲ ತಿಂಗಳು ಉಳವಪ್ಪನ ಬೆರಳುಗಳೆಲ್ಲ ಸೀಳಿದವು. ಆರನೆಯ ತಿಂಗಳಿಗೆ ದಿನಕ್ಕೊಂದು ಕುರ್ಚಿ ಮುಗಿಸತೊಡಗಿದ. ಶಾಲೆ ತೆರೆದ ವ್ಯಾಪಾರಸ್ಥರ ಮಂಡಳಿಯವರು ಬಂದು ನೋಡಿ, ಕುರ್ಚಿಯ ಮೇಲೆ ಕೂತು ಎದ್ದು, ಬೆನ್ನು ತಟ್ಟಿದರು. ಹೊರಡುವ ದಿನ ಒಂದು ಸರ್ಟಿಫಿಕೇಟು, ಒಂದು ಹೊರೆ ಬೆತ್ತ ಕೊಟ್ಟರು.

೧೯೪೧ರ ಫೆಬ್ರವರಿಯಲ್ಲಿ ಅವನು ಊರಿಗೆ ಬಂದಾಗ ಶೇಖವ್ವ ಬಾಗಿಲಲ್ಲಿ ನಿಂತು ಅವನ ಕೈಗಳನ್ನೇ ನೋಡಿದಳು. ಬೆರಳ ತುದಿಗಳು ದಪ್ಪವಾಗಿ ಕಲ್ಲಿನಂತಾಗಿದ್ದವು.

"ನಾಳಿಂದ ಕೆಲಸಾ," ಎಂದ ಉಳವಪ್ಪ. "ಊರಾಗ ಕುರ್ಚಿ ಎಷ್ಟ ಅದಾವು ನೋಡಿ ಬಾ."

ಅವಳು ಊರು ಸುತ್ತಿ ಬಂದು ಹೇಳಿದಳು. ಚಾವಡಿಯಲ್ಲಿ ಒಂದು, ಗೌಡರ ಮನೆಯಲ್ಲಿ ಎರಡು, ಸಾಲೆಯಲ್ಲಿ ಒಂದು.

"ಮತ್ತ?"

"ಮತ್ತ ಇಲ್ರಿ."

ನಾಲ್ಕು ಕುರ್ಚಿಗಳನ್ನು ಅವನು ಒಂದು ವಾರದಲ್ಲಿ ಹೆಣೆದ. ನೋಡಲು ಜನ ನೆರೆದರು. ಸಾಲೆಯ ಕುರ್ಚಿ ಇನ್ನೂ ಗಟ್ಟಿಯಾಗಿಯೇ ಇತ್ತು. ಪಾಪ ಎಂದು ಬಿಚ್ಚಿ ಕೊಟ್ಟಿದ್ದರು. ಎಂಟನೆಯ ದಿನ ಅವನು ಮತ್ತೆ ಕಟ್ಟೆಯ ಮೇಲೆ ಬಂದು ಕೂತ.

ಶೇಖವ್ವ ಸುಮ್ಮನಾಗಲಿಲ್ಲ. ಬೆತ್ತದ ಹೊರೆ ತಾನು ಹೊತ್ತು, ಗಂಡನ ಕೈಗೆ ತನ್ನ ಸೆರಗಿನ ತುದಿ ಕೊಟ್ಟು, ಶಿಗ್ಗಾಂವಿಗೆ, ಅಲ್ಲಿಂದ ಸವಣೂರಿಗೆ ನಡೆದಳು. ಸವಣೂರು ನವಾಬರ ಊರು. ಅಲ್ಲಿ ದೊಡ್ಡ ಮನೆಗಳಿದ್ದವು, ಕುರ್ಚಿಗಳಿದ್ದವು. ಹೋದರೆ ನಾಲ್ಕೈದು ದಿನ ಯಾರದಾದರೂ ಪಡಸಾಲೆಯಲ್ಲಿ ಇದ್ದು ಕೆಲಸ ಮುಗಿಸಿ ಬರುತ್ತಿದ್ದರು. ಆ ಒಂದು ವರ್ಷ ಉಳವಪ್ಪ ಮನೆಯಲ್ಲಿ ದನಿಯೆತ್ತಿ ಮಾತಾಡಿದ. ಅತ್ತಿಗೆಗೆ ಸವಣೂರಿನ ವೀಳ್ಯದೆಲೆ ತಂದುಕೊಟ್ಟ. ತಾಯಿಗೊಂದು ಸೀರೆ ತಂದ.

ಆ ಬೆತ್ತ ಸಮುದ್ರದಾಚೆ ಸಿಂಗಾಪುರದ ಕಡೆಯಿಂದ ಬರುತ್ತಿತ್ತು. ೧೯೪೨ರಲ್ಲಿ ಜಪಾನಿಯರು ಸಿಂಗಾಪುರವನ್ನು ಹಿಡಿದರೆಂಬ ಸುದ್ದಿ ಹಿರೇಬೆಂಡಿಗೇರಿಗೆ ಬಂದಾಗ ಅದು ತನ್ನ ಅನ್ನದ ಸುದ್ದಿಯೆಂದು ಉಳವಪ್ಪನಿಗೆ ಹೊಳೆಯಲಿಲ್ಲ. ಮುಂದಿನ ತಿಂಗಳು ಹುಬ್ಬಳ್ಳಿಯ ಅಂಗಡಿಯವನು ಬೆತ್ತ ಇಲ್ಲ ಎಂದ. ಅದರ ಮುಂದಿನ ತಿಂಗಳೂ ಇಲ್ಲ ಎಂದ. ಸವಣೂರಿನ ಒಂದು ಮನೆಯಲ್ಲಿ ಬಿಚ್ಚಿಟ್ಟ ಎರಡು ಕುರ್ಚಿಗಳು ಹಾಗೆಯೇ ಉಳಿದವು.

"ನಾ ಅವತ್ತ ಹೇಳಿದ್ನಿ," ಎಂದ ಕುಬೇರಪ್ಪ. "ಊರೂರು ತಿರಗೂದು ಬ್ಯಾಡ. ಮನ್ಯಾಗ ಇರು. ಉಣ್ಣಾಕ ಏನ ಕಮ್ಮಿ ಆಗೇತಿ?"

ಉಳವಪ್ಪ ಮಳೆಗಾಲವೆಲ್ಲ ಮಾತು ಬಿಟ್ಟವನಂತೆ ಇದ್ದ. ಅಬಲೂರಿನಿಂದ ಶೇಖವ್ವನ ತಂದೆ ಬಂದು, ಮಗಳು ಬಡಕಲಾದುದನ್ನು ನೋಡಿ, ಆರು ತಿಂಗಳು ತವರಿಗೆ ಕಳಿಸಿರಿ ಎಂದು ಕೇಳಿದ. "ಹೋಗು," ಎಂದ ಉಳವಪ್ಪ. ಅವಳು ತಂದೆಗೆ ರೊಟ್ಟಿ ಕಟ್ಟಿಕೊಟ್ಟು ಒಬ್ಬನನ್ನೇ ಕಳಿಸಿದಳು.

ದಾರಿ ತೋರಿಸಿದವನು ಹುಲಗೂರಿನ ರಾಜೇಸಾಬ. ಸಂತೆಗಳಲ್ಲಿ ಹಗ್ಗ ಮಾರುವವನು. ಹಿರೇಬೆಂಡಿಗೇರಿಗೆ ಪುಂಡಿ ಗಿಡದ ನಾರು ಕೊಳ್ಳಲು ಬಂದಾಗ ಚಾವಡಿಯ ಕುರ್ಚಿಯ ಮೇಲೆ ಕೈಯಾಡಿಸಿ, ಇದನ್ನು ಹೆಣೆದವರು ಯಾರು ಎಂದು ಕೇಳಿಕೊಂಡು ಕಟ್ಟೆಯ ತನಕ ಬಂದ.

"ಉಳವಪ್ಪಾರ, ನಿಮ್ಮ ಊರಾಗ ಕುರ್ಚಿ ನಾಕು. ಹೊರಸು ಎಷ್ಟ?"

ಉಳವಪ್ಪ ಅವನ ದನಿ ಬಂದ ಕಡೆ ಮುಖ ತಿರುಗಿಸಿದ.

"ಮನಿಗೊಂದ ಮಲಗೂ ಹೊರಸ ಐತ್ರಿ. ಕೆಲವು ಮನ್ಯಾಗ ಎರಡು. ಹಗ್ಗ ಸಡಲಿ ಎಲ್ಲಾ ಜೋತಾಡ್ತಾವು. ದನಾ ಕಟ್ಟಾಕ ಕಣ್ಣಿ ಬೇಕು, ಎತ್ತಿಗೆ ಮೂಗುದಾರ ಬೇಕು. ನನಗ ಹಗ್ಗ ಹೊಸಿಯಾಕ ಕೈ ಸಾಲವಲ್ದು. ಒಂದ ತಿಂಗಳು ಬಂದು ನನ್ನ ಹಂತ್ಯಾಕ ಕುಂಡರ್ರಿ. ಬೆತ್ತ ಹಿಡದ ಬೆರಳಿಗೆ ನಾರು ಭಾರ ಅಲ್ಲ."

ಆ ದಿನ ಮಧ್ಯಾಹ್ನದ ಊಟದಲ್ಲಿ ಮನೆ ಒಡೆಯಿತು.

"ಆಗೂದಿಲ್ಲ," ಎಂದ ಕುಬೇರಪ್ಪ. "ಹುಲಗೂರಾಗ ಇನ್ನೊಬ್ಬರ ಅಂಗಳದಾಗ ಕುಂತು ನನ್ನ ತಮ್ಮ ಹಗ್ಗ ಹೊಸೀತಾನಂದ್ರ ಮಂದಿ ಏನಂತಾರ? ಕಣ್ಣ ಹೋದ ತಮ್ಮಗ ಅಣ್ಣ ಕೂಳ ಹಾಕಲಿಲ್ಲ ಅಂತಾರ."

"ಮಂದಿ ಅನ್ನೂದು ನಿನಗ ಕೇಳಸ್ತೈತಿ. ನಾ ಮುಂಜಾನಿಂದ ಸಂಜೀತನಕ ಕಲ್ಲಾಗಿ ಕುಂಡ್ರೂದು ಕಾಣೂದಿಲ್ಲೇನು?"

ಸರೋಜವ್ವ ಸಾರು ಹಾಕುತ್ತ, "ಕುರ್ಚಿ ಕಲ್ತಾತು, ಅದು ಮುಗೀತು. ಇನ್ನ ಹಗ್ಗ. ಅದೂ ಮುಗದ ಮ್ಯಾಲ ಏನ ಕಲೀತೀ ಉಳವಪ್ಪಾ? ಸುಮ್ಮನ ಇದ್ರ ಆಗೂದಿಲ್ಲೇನು?" ಎಂದಳು.

"ಸುಮ್ಮನ ಇದ್ರ ತಣ್ಣನ ರೊಟ್ಟಿ ಮಾತ ಆಡಾವ್ರು ನೀವ ಅಲ್ಲೇನಕ್ಕಾ?" ಎಂದು ಶೇಖವ್ವ ಅಡುಗೆಮನೆಯ ಬಾಗಿಲಿನಿಂದ ಕೇಳಿದಳು.

"ನೀ ನಡಬರಕ ಬರಬ್ಯಾಡವ್ವಾ," ಎಂದಳು ಮಹಾದೇವಕ್ಕ.

"ಬರ್ತೇನಿ ಅತ್ತಿ. ಮೂರ ವರ್ಷ ಬರಲಿಲ್ಲ." ಅವಳು ಎಂದೂ ಭಾವನ ಎದುರಿಗೆ ನಿಂತು ಮಾತಾಡಿದವಳಲ್ಲ. "ಭಾವಾರ, ಅವತ್ತ ಬಾವ್ಯಾಗ ಇಳದ ನೋಡು ಅಂದಾವ್ರು ನೀವು. ಈಗ ಕಟ್ಟಿ ಬಿಟ್ಟ ಏಳಬ್ಯಾಡ ಅನ್ನಾವ್ರೂ ನೀವ. ಅವರಿಗೆ ಒಂದ ದಾರಿ ಬಿಡ್ರಿ."

ಅಂದು ಬಾವಿಯ ದಂಡೆಯ ಮೇಲೆ ಇದ್ದವರಿಗೆಲ್ಲ ಗೊತ್ತಿದ್ದ ಮಾತು ಅದು. ಈ ಮನೆಯ ಗೋಡೆಗಳೊಳಗೆ ಇದೇ ಮೊದಲು ಬಂದಿತ್ತು. ಕುಬೇರಪ್ಪ ತಾಟಿನಲ್ಲಿ ಕೈ ತೊಳೆದು ಎದ್ದು ಹೋದ.

"ಆ ಮಾತ ನೀ ಆಡಬಾರದಿತ್ತು," ಎಂದು ಆಮೇಲೆ ಉಳವಪ್ಪ ಹೆಂಡತಿಗೆ ಹೇಳಿದ.

"ಸುಳ್ಳೇನ್ರಿ?"

"ಸುಳ್ಳಲ್ಲ. ಅದಕ್ಕ ಆಡಬಾರದಿತ್ತು."

ಎಂಟು ದಿನ ಕುಬೇರಪ್ಪ ಮನೆಯಲ್ಲಿ ಉಣ್ಣಲಿಲ್ಲ. ರೊಟ್ಟಿ ಹೊಲಕ್ಕೇ ತರಿಸಿಕೊಂಡ. ಒಂಬತ್ತನೆಯ ದಿನ ಚಾವಡಿಗೆ ಇಬ್ಬರು ಹಿರಿಯರನ್ನು ಕರೆಸಿ, "ಒಂದ ಒಲಿ ಮುಂದ ಇನ್ನ ಕುಂಡ್ರಾಕ ಆಗೂದಿಲ್ಲ. ಬ್ಯಾರೆ ಮಾಡ್ರಿ," ಎಂದ. ಜಗಳವಾಗಲಿಲ್ಲ. ಹಿತ್ತಲ ಕಡೆಯ ದನದ ಕೊಟ್ಟಿಗೆ, ಊರಾಚೆ ಮಳೆ ಬಂದರೆ ಮಾತ್ರ ಬೆಳೆಯುವ ಒಂದು ಖುಷ್ಕಿ ಹೊಲ ಉಳವಪ್ಪನ ಪಾಲಿಗೆ ಬಂದವು. ಕೊಟ್ಟಿಗೆಯ ನೆಲವನ್ನು ಶೇಖವ್ವ ಮೂರು ದಿನ ಸಾರಿಸಿದರೂ ಗಂಜಲದ ವಾಸನೆ ಹೋಗಲಿಲ್ಲ.

ಉಳವಪ್ಪ ಹುಲಗೂರಿಗೆ ಹೋದ. ರಾಜೇಸಾಬನ ಅಂಗಳದಲ್ಲಿ ಒಂದು ತಿಂಗಳು ಕೂತ. ಕೊಳೆಸಿ ಬಡಿದು ತೊಳೆದ ಪುಂಡಿಯ ನಾರನ್ನು ಬೆರಳಲ್ಲೇ ಜಾಡಿಸಿ, ಎಳೆಗೆ ಎಳೆ ಕೂಡಿಸಿ, ಅಂಗೈಯಲ್ಲಿ ಹೊಸೆದು, ಮೂರು ಹುರಿ ಸೇರಿಸಿ ಹಗ್ಗ ಮಾಡುವುದನ್ನು ಕಲಿತ. ಎಲ್ಲಿ ಎಳೆ ಸಣ್ಣಗಾಯಿತೆಂದು ಕಣ್ಣಿದ್ದವರಿಗಿಂತ ಮೊದಲು ಅವನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಹೊರಸು ಹೆಣೆಯುವುದನ್ನಂತೂ ಎರಡೇ ದಿನದಲ್ಲಿ ಹಿಡಿದ.

ಊರಿಗೆ ಮರಳಿದ ಮೇಲೆ ಕೆಲಸ ಬಂತು. ಒಮ್ಮೆಲೇ ಬರಲಿಲ್ಲ. ಒಕ್ಕಲುತನದ ಮನೆಯ ಮಗನಿಂದ ಹಗ್ಗ ಕೊಳ್ಳಲು ಮೊದಲು ಜನರಿಗೇ ಸಂಕೋಚ. ಆಮೇಲೆ ಹಗ್ಗ ಗಟ್ಟಿ ಬಂದದ್ದನ್ನು ನೋಡಿ ಒಬ್ಬರ ಹಿಂದೆ ಒಬ್ಬರು ಬಂದರು. ಜೋಳವನ್ನೋ ಕಾಳನ್ನೋ ಸೇರಿನಲ್ಲಿ ಅಳೆದು ಕೊಡುತ್ತಿದ್ದರು. ಎರಡು ಹೊತ್ತು ಒಲೆ ಉರಿಯಲು ಅಷ್ಟೇ ಸಾಕಾಗುತ್ತಿತ್ತು.

ಮಹಾದೇವಕ್ಕ ಹಿರಿಯ ಮಗನ ಮನೆಯಲ್ಲಿ ಉಳಿದಿದ್ದಳು. ಅವನು ಹೊಲಕ್ಕೆ ಹೋದ ಮೇಲೆ ಹಿತ್ತಲಿನಿಂದ ಬಂದು, ಕೊಟ್ಟಿಗೆಯ ಮೂಲೆಯಲ್ಲಿ ಕೂತು ನಾರು ಜಾಡಿಸಿ ಕೊಡುತ್ತಿದ್ದಳು.

"ನಿಮ್ಮಿಬ್ಬರನ್ನೂ ಒಂದ ತಾಟಿನಾಗ ಉಣಿಸಿ ಬೆಳಿಸೀನಿ. ಇನ್ನೊಮ್ಮಿ ಅದನ್ನ ನೋಡ್ತೇನೇನಪ್ಪಾ?"

"ಅಣ್ಣ ಕರದ್ರ ಬರ್ತೇನಿ ಅವ್ವಾ."

ಆಕೆ ನೋಡಲಿಲ್ಲ. ಆ ಚಳಿಗಾಲದಲ್ಲಿ ಐದು ದಿನದ ಜ್ವರಕ್ಕೆ ಹೋದಳು. ಅಣ್ಣತಮ್ಮ ಇಬ್ಬರೂ ಹೆಗಲು ಕೊಟ್ಟರು. ಕಾಲು ಎಡವೀತೆಂದು ಕುಬೇರಪ್ಪ ತಮ್ಮನ ರಟ್ಟೆ ಹಿಡಿದುಕೊಂಡೇ ನಡೆದ. ಮಣ್ಣು ಕೊಟ್ಟು ಬಂದು ಕೈ ಬಿಟ್ಟ. ಆಮೇಲೆ ಇಬ್ಬರ ನಡುವೆ ಮಾತಿರಲಿಲ್ಲ.

೧೯೪೩ರ ಬೇಸಿಗೆಯಲ್ಲಿ ಗಿರಿಯಪ್ಪ ಮಾಸ್ತರರು ಬಂದರು. ಶಿಗ್ಗಾಂವಿಯಿಂದ ನಡೆದೇ ಬಂದಿದ್ದರು. ಶೇಖವ್ವ ಕೊಟ್ಟ ನೀರು ಕುಡಿದು, ಸುತ್ತಲೂ ತೂಗುಹಾಕಿದ ಹಗ್ಗಗಳನ್ನು ಮುಟ್ಟಿ ನೋಡಿದರು.

"ಸಾಲಿ ಮುಚ್ಚೇತಿ ಉಳವಪ್ಪಾ. ಬೆತ್ತ ಇಲ್ಲ, ಮಂಡಳಿಯವರಿಗೆ ಮನಸ್ಸೂ ಇಲ್ಲ. ಶೆಡ್ಡಿನಾಗ ಈಗ ಸರಕಾರದ ಕಾಳಿನ ಚೀಲ ಇಟ್ಟಾರ. ನನ್ನ ಹುಡುಗುರು ಏನ ಮಾಡಾಕತ್ತಾರ ನೋಡೂಣು ಅಂತ ಊರೂರು ತಿರುಗಾಕತ್ತೇನಿ. ಹದಿನಾಲ್ಕು ಮಂದ್ಯಾಗ ಒಂಬತ್ತು ಮಂದಿ ಸುದ್ದಿ ಸಿಕ್ತು. ಇಬ್ಬರು ತೀರಿಹೋಗ್ಯಾರ. ಆರು ಮಂದಿ ಕಟ್ಟಿ ಮ್ಯಾಲೋ, ಗುಡಿ ಮುಂದೋ ಕುಂತಾರ. ಕೈಯಾಗ ಕೆಲಸ ಇರಾವ ನೀ ಒಬ್ಬನ."

ಉಳವಪ್ಪ ಹೊಸೆಯುವುದನ್ನು ನಿಲ್ಲಿಸಿದ.

"ಮಾಸ್ತರ್ರ, ನೀವು ಕಲಿಸಿದ್ದು ಸುಳ್ಳಲ್ಲ. ಈ ಬೆರಳು ನೀವು ಕೊಟ್ಟದ್ದು. ಆದ್ರ ಒಂದ ಕೇಳ್ತೇನಿ. ನಾ ಬಂದ ದಿನ, ನಿಮ್ಮೂರಾಗ ಏನ ಬೇಕು, ಏನ ಬೆಳೀತೈತಿ ಅಂತ ಯಾಕ ಕೇಳಲಿಲ್ಲ? ಇಲ್ಲಿ ಪುಂಡಿ ಹೊಲದ ಬದುವಿಗೆ ಬೆಳೀತೈತಿ. ಬೆತ್ತ ಸಮುದ್ರ ದಾಟಿ ಬರಬೇಕು."

ಮಾಸ್ತರರು ಹಗ್ಗದ ಮೇಲಿಂದ ಕೈ ತೆಗೆದರು. "ಕುರ್ಚಿ ಮಂಡಳಿಯವರ ಮನ್ಯಾಗ ಇದ್ದುವು," ಎಂದರು. "ನಮಗ ಅವ ಕಂಡುವು."

ಹೊರಡುವಾಗ ಬಾಗಿಲಲ್ಲಿ ನಿಂತು ಅವರು ಇನ್ನೊಂದು ಮಾತು ಹೇಳಿದರು. ಹುಲಗೂರಿನ ದರ್ಗಾದ ಮುಂದೆ ತಿಪ್ಪವ್ವ ಎಂಬ ಹದಿನಾಲ್ಕು ವರ್ಷದ ಹುಡುಗಿ ಬೇಡಲು ಕೂರುತ್ತಾಳೆ; ಸಿಡುಬಿನಲ್ಲಿ ಕಣ್ಣು ಹೋದವು; ತಾಯಿ ಭರಮವ್ವ ವಿಧವೆ, ಕೂಲಿಯವಳು. "ನಮ್ಮ ಸಾಲ್ಯಾಗ ಹೆಣ್ಣಮಕ್ಕಳನ್ನ ತಗೋತಿದ್ದಿಲ್ಲ. ಈಗ ಸಾಲೀನ ಇಲ್ಲ. ನೀನ ನೋಡಪಾ."

ಉಳವಪ್ಪ ರಾಜೇಸಾಬನ ಕೈಯಲ್ಲಿ ಹೇಳಿಕಳಿಸಿದ. ಭರಮವ್ವ ನಂಬದ ಮುಖದಿಂದಲೇ ದಿನಾ ಮುಂಜಾನೆ ಮಗಳನ್ನು ಕರೆತಂದು ಬಿಟ್ಟು, ಸಂಜೆ ಕರೆದೊಯ್ಯತೊಡಗಿದಳು. ಹುಡುಗಿ ಯಾರಾದರೂ ಹತ್ತಿರ ಬಂದರೆ ತಾನಾಗಿ ಅಂಗೈ ಮುಂದೆ ಚಾಚುತ್ತಿದ್ದಳು. ಮೊದಲ ದಿನ ಉಳವಪ್ಪ ಆ ಅಂಗೈಯಲ್ಲಿ ನಾರಿನ ಒಂದು ಎಳೆ ಇಟ್ಟ. ನಾಲ್ಕನೆಯ ದಿನಕ್ಕೆ ಅವಳು ಒಂದು ಗೇಣು ಸರಿಯಾಗಿ ಹೊಸೆದಳು. ಬೆರಳು ಸೀಳಿ ನಾರಿಗೆ ರಕ್ತ ಹತ್ತಿತ್ತು. ಅದನ್ನು ನೋಡಿದ್ದು ಶೇಖವ್ವ ಒಬ್ಬಳೇ.

ಐದನೆಯ ದಿನ ಗುರುವಾರ, ದರ್ಗಾಕ್ಕೆ ಹೆಚ್ಚು ಜನ ಬರುವ ದಿನ. ಹುಡುಗಿ ಬರಲಿಲ್ಲ. ಶುಕ್ರವಾರ ಭರಮವ್ವ ಅವಳ ಕೈಹಿಡಿದುಕೊಂಡು ಬಂದು ಅಂಗಳದಲ್ಲೇ ನಿಂತಳು.

"ಇನ್ನ ಕಳಸೂದಿಲ್ರಿ ಯಪ್ಪಾ. ಹೇಳಿ ಹೋಗಾಕ ಬಂದೇನಿ."

"ಯಾಕವ್ವಾ? ಚೊಲೋ ಹಿಡದಾಳ. ಮೂರ ತಿಂಗಳದಾಗ ಮಾರೂ ಹಂಥಾ ಹಗ್ಗ ಮಾಡ್ತಾಳ."

"ಮೂರ ತಿಂಗಳು ಏನ ತಿನ್ನೂದ್ರಿ? ದರ್ಗಾದ ಮುಂದ ಕುಂತ್ರ ಸಂಜೀ ಅನ್ನೂದ್ರಾಗ ಉಡಿಯಾಗ ಬೀಳ್ತೈತಿ. ಈ ವರ್ಷ ಕೂಲಿನೂ ಇಲ್ಲ. ಲಡಾಯಿ ಹೆಸರಲೆ ಸರಕಾರದವರು ಕಾಳ ಒಯ್ದಾರ, ಕೂಲಿಗೆ ಅಳಿಯಾಕ ಇಲ್ಲಂತ ಯಾರೂ ಕರೆಯೂದಿಲ್ಲ. ಕಲಿಯಾಕ ಹೊಟ್ಟಿ ತುಂಬಿರಬೇಕಲ್ರಿ."

ಉಳವಪ್ಪ ಹುಬ್ಬಳ್ಳಿಯಲ್ಲಿ ಎಂಟು ತಿಂಗಳು ಕಲಿಯುವಾಗ ಇನ್ನೊಬ್ಬರು ಉಣ್ಣಲು ಇಕ್ಕಿದ್ದರು. ಅವನು ಶೇಖವ್ವ ಇದ್ದ ಕಡೆ ಮುಖ ತಿರುಗಿಸಿದ. ಕೇಳಲಿಲ್ಲ, ಮನೆಯಲ್ಲಿ ಎಷ್ಟಿದೆಯೆಂದು ಅವನಿಗೂ ಗೊತ್ತಿತ್ತು.

ಶೇಖವ್ವ ಒಳಗೆ ಹೋದಳು. ಜೋಳದ ಗಡಿಗೆಯೊಳಗೆ ಮೊಣಕೈ ತನಕ ಕೈಯಿಳಿಸಿದ ಸಪ್ಪಳ ಹೊರಗೆ ಕೇಳಿಸಿತು. ಆಮೇಲೆ ಅವಳು ಹೊರಗೆ ಬಂದು ಭರಮವ್ವನಿಗೆ ಹೇಳಿದಳು:

"ಗುರುವಾರನೂ ಕಳಿಸು. ಇಲ್ಲಿ ಕುಂತ ದಿನಾ ಆಕಿಗೆ ನಾ ಹಾಕ್ತೇನಿ. ನಿನಗೂ ಒಂದ ರೊಟ್ಟಿ ಕಟ್ಟಿ ಕಳಸ್ತೇನಿ."

"ಸುಳ್ಳ ಹೇಳಬ್ಯಾಡ ತಂಗೀ. ನಿಮ್ಮ ಮನ್ಯಾಗ ಎಷ್ಟ ಐತಿ ನನಗ ಕಾಣಸ್ತೈತಿ."

"ಇದ್ದದ್ದರಾಗ."

ಭರಮವ್ವ ಇನ್ನೂ ನಿಂತೇ ಇದ್ದಳು. ಹುಡುಗಿ ತಾಯಿಯ ಕೈ ಬಿಡಿಸಿಕೊಂಡು, ಗೋಡೆ ಹಿಡಿದು, ನಾರಿನ ವಾಸನೆಯ ಕಡೆ ಬಂದು ಕೂತಳು.

ಆ ಮಧ್ಯಾಹ್ನ ಶೇಖವ್ವ ಅಂಗೈಯಗಲದ ಮೂರು ರೊಟ್ಟಿ ಬಡಿದಳು. ಒಂದನ್ನು ಭರಮವ್ವನ ಸೆರಗಿಗೆ ಕಟ್ಟಿದಳು. ಉಳಿದ ಎರಡನ್ನು ಮುರಿದು ಮೂರು ಪಾಲು ಮಾಡಿದಳು. ಉಳವಪ್ಪನ ಕೈಗೆ ಬಂದ ಪಾಲು ಅಂಗೈಯನ್ನು ಮುಚ್ಚಲಿಲ್ಲ. ಅವನು ನಿಧಾನವಾಗಿ ಅಗಿದು, ಎರಡು ತಂಬಿಗೆ ನೀರು ಕುಡಿದು, ಕೈಯೊರೆಸಿಕೊಂಡು ಹುಡುಗಿಯನ್ನು ಕರೆದ.

"ಬಾ ಯವ್ವಾ. ಮೊನ್ನಿ ನೀ ಹೊಸದ ಎಳೆ ಎಲ್ಲಿ ಸಣ್ಣಗಾಗೇತಿ, ನೀನ ಹುಡಿಕಿ ಹೇಳು."